ಹನ್ನೊಂದು ಮಂದಿಯ ಲೆಕ್ಕ



ನಿಮ್ಮ ಮನೆಯಲ್ಲಿ ಹದಿನೇಳರ ಹುಡುಗನೊಬ್ಬನಿದ್ದಾನೆ ಎಂದುಕೊಳ್ಳಿ. ರಾತ್ರಿ ಒಂದು ಗಂಟೆಗೆ ನೀರು ಕುಡಿಯಲೆಂದು ಎದ್ದಾಗ ಅವನ ಕೋಣೆಯ ಬಾಗಿಲ ಸಂದಿನಿಂದ ಬೆಳಕು ಕಾಣುತ್ತದೆ. ಆಗ ತಾಯಿಯ ಮನಸ್ಸಿನಲ್ಲಿ ಏನೇನು ಹಾದುಹೋಗುತ್ತದೆ ಎಂಬುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ನನ್ನ ಮಗನ ಕೋಣೆಗೆ ಬಾಗಿಲು ತಟ್ಟದೆಯೇ ನುಗ್ಗಿದೆ. ಕಂಪ್ಯೂಟರಿನ ಪರದೆಯಲ್ಲಿ ನಾನು ಹೆದರಿದಂಥದ್ದೇನೂ ಇರಲಿಲ್ಲ. ಒಂದಿಷ್ಟು ಹೆಸರುಗಳು, ಅವುಗಳ ಮುಂದೆ ಅಂಕಿಗಳು, ಹಸಿರು ಚೌಕವೊಂದರ ಮೇಲೆ ಹನ್ನೊಂದು ಬೊಟ್ಟುಗಳು. ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ತೆರೆದಿಟ್ಟಂತಿತ್ತು.

“ಇದೇನು?”

“ಫುಟ್ಬಾಲ್, ಉಮ್ಮಾ.”

“ಇದರಲ್ಲಿ ಚೆಂಡು ಎಲ್ಲಿದೆ?”

ಬೇರೆ ಸಮಯದಲ್ಲಾಗಿದ್ದರೆ ನಗುತ್ತಿದ್ದ. ಗಣಿತ ಪರೀಕ್ಷೆ ಬರೆದು ಬಂದ ದಿನದಿಂದ ಅವನ ಮಾತು ‘ಹೂಂ’, ‘ಇಲ್ಲ’ಗಳಿಗೆ ಇಳಿದಿತ್ತು. “ಚೆನ್ನಾಗಿ ಬರೆದಿದ್ದೇನೆ” ಎಂದಷ್ಟೇ ಹೇಳಿದ್ದ.

ಮರುದಿನ ದಮಾಮ್‌ನಿಂದ ಇವರ ಫೋನ್ ಬಂದಾಗ ವಿಷಯ ತಿಳಿಸಿದೆ. “ಆ ಕಂಪ್ಯೂಟರನ್ನು ನಾಳೆಯೇ ಮಾರಿಬಿಡು” ಎಂದರು. ಒಂದೆರಡು ವಾರ ಸಮಯ ಕೊಡಿ, ಅದೇನೆಂದು ನೋಡುತ್ತೇನೆ ಎಂದೆ. ಅಂದಿನಿಂದ ಅಸರ್ ನಮಾಝಿನ ಬಳಿಕ ಒಂದು ಗಂಟೆ ಅವನ ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತೆ. ಕಾವಲಿಗೆ ಕುಳಿತಂತೆ ಕಾಣಬಾರದೆಂದು ಮಡಿಲಲ್ಲಿ ಬೆಳ್ಳುಳ್ಳಿ ಸುಲಿಯುವ ಕೆಲಸ ಇಟ್ಟುಕೊಂಡಿದ್ದೆ.

ಇದರ ಹೆಸರು ಫುಟ್ಬಾಲ್ ಮ್ಯಾನೇಜರ್. ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣ-ತಮ್ಮಂದಿರು ತಮ್ಮ ಮಲಗುವ ಕೋಣೆಯಲ್ಲಿ ಕುಳಿತು ಬರೆದ ಆಟ, 1992ರಲ್ಲಿ ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗಿನ ಹೆಸರು ಬಂದದ್ದು 2004ರಲ್ಲಿ. ಇದರಲ್ಲಿ ಆಡುವವನು ಚೆಂಡನ್ನು ಒದೆಯುವುದಿಲ್ಲ. ಅವನು ತಂಡದ ಮ್ಯಾನೇಜರ್. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಓಡಬೇಕು ಎಂದು ತೀರ್ಮಾನಿಸಿ ಕೈಕಟ್ಟಿ ನೋಡಬೇಕು. ಪ್ರತಿ ಆಟಗಾರನ ವೇಗ, ದೇಹಬಲ, ಪಾಸ್ ಕೊಡುವ ಚಾಕಚಕ್ಯತೆ, ಧೈರ್ಯ ಎಲ್ಲಕ್ಕೂ 1ರಿಂದ 20ರವರೆಗೆ ಅಂಕಗಳಿವೆ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಮೂರು ದರ್ಜೆಗಳನ್ನು ಸೇರಿಸಿದರೆ 92 ಕ್ಲಬ್‌ಗಳು. ನನ್ನ ಮಗ ಆರಿಸಿಕೊಂಡದ್ದು ನಾಲ್ಕನೇ ದರ್ಜೆಯ ಬಡ ಕ್ಲಬ್ಬೊಂದನ್ನು. 24 ತಂಡಗಳಲ್ಲಿ ಅದು 22ನೇ ಸ್ಥಾನದಲ್ಲಿತ್ತು. ಕೊನೆಯ ಎರಡು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ. ಹಾಗಾದರೆ ಮ್ಯಾನೇಜರನ ಕೆಲಸವೂ ಹೋಗಬಹುದು.

ಸೋಲಿನ ಕಾರಣ ಮೂರನೇ ದಿನ ನನಗೇ ಕಾಣತೊಡಗಿತು. ಪೆಪ್ ಗಾರ್ಡಿಯೋಲಾ ಎಂಬ ದೊಡ್ಡ ಕೋಚ್‌ನ ತಂಡಗಳು ಆಡುವ ರೀತಿಯನ್ನು ಇವನು ಹಾಗೆಯೇ ಎತ್ತಿ ತಂದಿದ್ದ. ಚೆಂಡು ಕಳೆದುಕೊಂಡ ಕ್ಷಣದಲ್ಲೇ ಎಲ್ಲರೂ ಎದುರಾಳಿಯ ಮೇಲೆ ಮುಗಿಬೀಳಬೇಕು. ಹಿಂದಿನ ರಕ್ಷಣಾ ಸಾಲು ಮೈದಾನದ ನಡುವಿನ ತನಕ ಮುಂದೆ ಬಂದು ನಿಲ್ಲಬೇಕು. ಕೇಳಲು ಚೆಂದವೇ. ಆದರೆ ಈ ಬಡ ಕ್ಲಬ್ಬಿನ ಹಿಂದಿನ ಇಬ್ಬರು ಆಟಗಾರರ ವಯಸ್ಸು ಮೂವತ್ಮೂರು ದಾಟಿದೆ, ವೇಗಕ್ಕೆ ಒಬ್ಬನಿಗೆ 7, ಇನ್ನೊಬ್ಬನಿಗೆ 8. ಎದುರಾಳಿ ಇವರ ತಲೆಯ ಮೇಲಿಂದ ಚೆಂಡು ಹಾರಿಸಿದರೆ ಮುಗಿಯಿತು. ಇವರು ತಿರುಗಿ ನೋಡುವಷ್ಟರಲ್ಲಿ ಗೋಲು.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬಿಟ್ಟುಕೊಟ್ಟ ಗೋಲುಗಳ ನಿಮಿಷಗಳನ್ನು ಬರೆಸಿದೆ. ಒಟ್ಟು 19. ಅದರಲ್ಲಿ 11 ಗೋಲುಗಳು 70ನೇ ನಿಮಿಷದ ಬಳಿಕ ಬಂದಿದ್ದವು. ಇಡೀ ಹೊತ್ತು ಮುಗಿಬಿದ್ದು ಓಡಬೇಕಾದರೆ ಅಷ್ಟು ತ್ರಾಣ ಬೇಡವೇ?

“ಮೊದಲು ಓಡಲಾಗದವರು ಯಾರೆಂದು ಹೇಳು” ಎಂದೆ.

“ಎಲ್ಲರೂ ಒಳ್ಳೆಯ ಆಟಗಾರ ಯಾರು ಅಂತ ಕೇಳ್ತಾರೆ ಉಮ್ಮಾ!”

ಮನೆಯಲ್ಲಿ ಇರುವ ಅಕ್ಕಿಯನ್ನು ನೋಡಿಯಲ್ಲವೇ ನಾವು ಅಡುಗೆ ತೀರ್ಮಾನಿಸುವುದು? ಕುಚ್ಚಲಕ್ಕಿ ಇಟ್ಟುಕೊಂಡು ಬಿರಿಯಾನಿಗೆ ಒಲೆ ಹಚ್ಚುವವರುಂಟೇ? ರಕ್ಷಣಾ ಸಾಲನ್ನು ಹಿಂದಕ್ಕೆ, ತಮ್ಮ ಗೋಲಿನ ಹತ್ತಿರಕ್ಕೆ ಎಳೆಯಲಾಯಿತು. ಮುಗಿಬೀಳುವುದನ್ನು ನಿಲ್ಲಿಸಿ, ಎದುರಾಳಿ ನಡುಗೆರೆ ದಾಟಿದ ಮೇಲೆ ಮಾತ್ರ ತಡೆಯುವುದು ಎಂದಾಯಿತು. ಎಡಬದಿಯ ವಿಂಗರ್‌ಗೆ ವೇಗ 15 ಇತ್ತು, ಮುಂದಿನ ಎತ್ತರದ ಹುಡುಗನಿಗೆ ತಲೆಯಿಂದ ಹೊಡೆಯುವುದರಲ್ಲಿ 15. ಈ ಇಬ್ಬರೇ ತಂಡದ ಆಸ್ತಿ. ಚೆಂಡು ಸಿಕ್ಕೊಡನೆ ಎಡಕ್ಕೆ, ಅಲ್ಲಿಂದ ಎತ್ತರದವನ ತಲೆಗೆ. ಇಷ್ಟೇ.

ಅಲ್ಲ, ಇಷ್ಟೇ ಆಗಿದ್ದರೆ ಸುಲಭವಿತ್ತು. ಪ್ರತಿಯೊಬ್ಬನಿಗೂ ಒಂದು ಕರ್ತವ್ಯ ಹೇಳಬೇಕು: ರಕ್ಷಣೆ, ಬೆಂಬಲ ಅಥವಾ ದಾಳಿ. ಇವನು ಏಳು ಮಂದಿಗೆ ದಾಳಿ ಎಂದು ಬರೆದಿದ್ದ. ಮದುಮಗಳನ್ನು ನೋಡಲು ಎಲ್ಲರೂ ಓಡಿದರೆ ಒಲೆಯ ಮೇಲಿನ ಪಾತ್ರೆ ಯಾರು ನೋಡುವುದು? ಎಡಬದಿಯ ಫುಲ್‌ಬ್ಯಾಕ್ ಮುಂದೆ ಓಡುವುದಾದರೆ ನಡುವಿನ ಇಬ್ಬರಲ್ಲಿ ಒಬ್ಬ ಕಡ್ಡಾಯವಾಗಿ ಹಿಂದೆ ಉಳಿಯಬೇಕು. ಬಲಬದಿಯವನು ಓಡುವುದೇ ಬೇಡ. ಇಂತಹ ಜೋಡಿಗಳನ್ನು ಹೊಂದಿಸಲು ಎರಡು ಸಂಜೆ ಹಿಡಿಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಆಟದ ಬುದ್ಧಿ ಇರುವುದು ಇಲ್ಲಿಯೇ. 4-4-2 ಎಂದೋ 4-2-3-1 ಎಂದೋ ಹುಡುಗರು ಜಗಳವಾಡುತ್ತಾರಲ್ಲ, ಅದು ಆಮೇಲಿನ ಮಾತು.

ಇನ್ನೊಂದು ಸಂಗತಿ. ಹೊಸ ತಂತ್ರ ಕೊಟ್ಟ ಕೂಡಲೇ ಆಟಗಾರರಿಗೆ ಅದು ಬಾಯಿಪಾಠವಾಗುವುದಿಲ್ಲ. ತರಬೇತಿಯಲ್ಲೂ ಪಂದ್ಯಗಳಲ್ಲೂ ವಾರಗಟ್ಟಲೆ ಪಳಗಬೇಕು. ಎಷ್ಟು ಪಳಗಿದ್ದಾರೆಂದು ಆಟವೇ ತೋರಿಸುತ್ತದೆ. ನನ್ನ ಮಗ ಹನ್ನೆರಡು ಪಂದ್ಯಗಳಲ್ಲಿ ಐದು ಸಲ ತಂತ್ರ ಬದಲಿಸಿದ್ದ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಕನಿಷ್ಠ ನಾಲ್ಕು ಪಂದ್ಯ ಕಾಯಬೇಕು ಎಂದು ನಮ್ಮಿಬ್ಬರಲ್ಲಿ ಕರಾರಾಯಿತು.

ಇದು ಬರೀ ಕಂಪ್ಯೂಟರಿನ ಮಾತಲ್ಲ ಎಂದು ತೋರಿಸಲು ಅವನೇ ಲೆಸ್ಟರ್ ಸಿಟಿಯ ಕಥೆ ಹೇಳಿದ. 2015-16ರಲ್ಲಿ ಆ ತಂಡ ಪ್ರೀಮಿಯರ್ ಲೀಗ್ ಗೆಲ್ಲುತ್ತದೆಂದು ಯಾರೂ ನಂಬಿರಲಿಲ್ಲ. ಬಾಜಿಯವರ ಲೆಕ್ಕದಲ್ಲಿ ಅದು ಒಂದಕ್ಕೆ ಐದು ಸಾವಿರ. ಕೋಚ್ ಕ್ಲಾಡಿಯೋ ರಾನಿಯೇರಿ ಹಳೆಯ 4-4-2 ಹಿಡಿದರು. ನಿಧಾನಗತಿಯ ವೆಸ್ ಮಾರ್ಗನ್ ಮತ್ತು ರಾಬರ್ಟ್ ಹೂತ್ ಹಿಂದೆಯೇ ನಿಂತರು. ನಡುವೆ ಎನ್‌ಗೋಲೋ ಕಾಂಟೆ ಇಬ್ಬರ ಕೆಲಸ ಮಾಡಿದರು. ಬಲದಲ್ಲಿ ರಿಯಾದ್ ಮಹ್ರೆಝ್, ಮುಂದೆ ಓಟಗಾರ ಜೇಮಿ ವಾರ್ಡಿ. ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಂಡ ತಂಡವೇ ಅಲ್ಲ ಅದು. 81 ಅಂಕಗಳೊಂದಿಗೆ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ 10 ಅಂಕ ಮುಂದೆ ನಿಂತು ಗೆದ್ದಿತು. ಮರುವರ್ಷ ಕಾಂಟೆ ಚೆಲ್ಸಿಗೆ ಹೋದರು, ತಂಡ 12ನೇ ಸ್ಥಾನಕ್ಕೆ ಇಳಿಯಿತು, ರಾನಿಯೇರಿಯವರನ್ನು 2017ರ ಫೆಬ್ರವರಿಯಲ್ಲೇ ತೆಗೆದುಹಾಕಿದ್ದರು. ಚಾಂಪಿಯನ್ ಮಾಡಿದವರನ್ನು! ಆ ಭಾಗ ಕೇಳಿ ನನಗೆ ಬಹಳ ಬೇಸರವಾಯಿತು.

ನಮ್ಮ ತಂಡವೂ ಗೆಲ್ಲತೊಡಗಿತು. ಎಂಟನೇ ದಿನ ನಾನೊಂದು ವಿಚಿತ್ರ ಗಮನಿಸಿದೆ. ಹಿಂದಿನ ಸಂಜೆ ನನ್ನ ಕಣ್ಣೆದುರೇ 2-0ಯಿಂದ ಸೋತ ಪಂದ್ಯ ಈಗ 1-0 ಗೆಲುವೆಂದು ಪಟ್ಟಿಯಲ್ಲಿದೆ.

“ಇದು ಸೋತದ್ದಲ್ಲವೇ?”

ಅವನು ಪರದೆಯನ್ನೇ ನೋಡುತ್ತಿದ್ದ. “ಸೇವ್ ಮಾಡಿರಲಿಲ್ಲ.”

ನಿಮಗೆ ತಿಳಿದಿರಲಿ, ಈ ಆಟ ಆಡುವ ಹಲವರಿಗೆ ಇರುವ ಚಟವಿದು. ಸೋತರೆ ಉಳಿಸದೆ ಮುಚ್ಚುವುದು, ಹಳೆಯ ಕಡತ ತೆರೆದು ಅದೇ ಪಂದ್ಯವನ್ನು ಗೆಲ್ಲುವ ತನಕ ಆಡುವುದು. ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ನಷ್ಟವಿಲ್ಲ. ನಾನು ಗದರಲಿಲ್ಲ. ಹಾಲಿನ ಪುಸ್ತಕ ಅವನ ಮುಂದಿಟ್ಟು ಕೇಳಿದೆ, “ಹಾಗಾದರೆ ಇದರಲ್ಲಿ ಬರೆದದ್ದರಲ್ಲಿ ಯಾವುದು ನಿಜ? ನಮ್ಮ ತಂತ್ರ ಸರಿಯೋ ತಪ್ಪೋ ಎಂದು ನಾವು ತಿಳಿಯುವುದು ಹೇಗೆ?”

ಕಂಪ್ಯೂಟರ್ ಆರಿಸಿ ಎದ್ದು ಹೋದ. ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಮರುದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಪುಸ್ತಕ ಹಿಡಿದು ಟೆರೇಸಿಗೆ ಬಂದ. ನಾಲ್ಕು ಗೆಲುವುಗಳ ಮೇಲೆ ಪೆನ್ಸಿಲಿನ ಗೆರೆ ಎಳೆದಿದ್ದ. “ಇವು ಸುಳ್ಳು” ಎಂದ. ಸ್ವಲ್ಪ ಹೊತ್ತು ಬಕೆಟ್ಟಿನಲ್ಲಿದ್ದ ಬಟ್ಟೆ ಎತ್ತಿ ಕೊಡುತ್ತಾ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, “ಗಣಿತದಲ್ಲಿ ಎರಡು ದೊಡ್ಡ ಪ್ರಶ್ನೆ ಮುಟ್ಟಲೇ ಇಲ್ಲ ಉಮ್ಮಾ. ಚೆನ್ನಾಗಿ ಬರೆದೆ ಅಂತ ನಿಮಗೆ ಹೇಳಿದ್ದು...” ಎಂದು ಅಲ್ಲಿಗೇ ನಿಲ್ಲಿಸಿದ. ನಾನು ಕ್ಲಿಪ್ ಹಾಕುವುದರಲ್ಲೇ ಇದ್ದೆ. ಅವನ ಮುಖ ನೋಡಿದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

ಫಲಿತಾಂಶ ಬಂದಾಗ ಗಣಿತದಲ್ಲಿ ಪಾಸಾಗಿದ್ದ, ಆದರೆ ಅಂಕ ಬಹಳ ಕಡಿಮೆ. ಈಗ ಪಿಯುಸಿಯಲ್ಲಿ ಅಂಕ ಸಾಲದಿದ್ದರೆ ಪರೀಕ್ಷೆ-2 ಬರೆಯಲು ಅವಕಾಶವಿದೆಯಲ್ಲ, ಬರೆಯುತ್ತೇನೆ ಎಂದ. ಓದುವ ದಿನಗಳಲ್ಲಿ ಆಟ ದಿನಕ್ಕೆ ಒಂದೇ ಪಂದ್ಯ, ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಬಂದ್. ಈ ನಿಯಮ ಆಗಾಗ ಮುರಿಯುತ್ತದೆ, ನಾನು ಆಗಾಗ ಗದರುತ್ತೇನೆ. ‘ಇನ್ನೊಂದೇ ಪಂದ್ಯ’ ಎಂಬುದು ಈ ಆಟದ ಅತಿ ಕೆಟ್ಟ ಗುಣ. ಅದನ್ನು ನಿಮ್ಮಿಂದ ಮರೆಮಾಚುವುದಿಲ್ಲ.

ತಂತ್ರಕ್ಕೂ ಕಷ್ಟ ಬಂತು. ಗೆಲ್ಲುತ್ತಾ ಹೋದಂತೆ ಎದುರಾಳಿಗಳು ನಮಗೆ ಹೆದರಿ ತಾವೇ ಹಿಂದೆ ನಿಲ್ಲತೊಡಗಿದರು. ಓಡಲು ಖಾಲಿ ಜಾಗವೇ ಇಲ್ಲದಾಗ ವೇಗದ ವಿಂಗರ್ ಏನು ಮಾಡಿಯಾನು? ಊರಿನ ಮೈದಾನದ ಪಂದ್ಯಗಳಿಗೆಂದು ಎರಡನೇ ತಂತ್ರವೊಂದನ್ನು ಈಗ ಪಳಗಿಸುತ್ತಿದ್ದೇವೆ. ಸದ್ಯ 13ನೇ ಸ್ಥಾನ. 2025ರ ನವೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಮಹಿಳೆಯರ ತಂಡಗಳೂ ಇವೆಯೆಂದು ಎಂಟನೇ ತರಗತಿಯ ಮಗಳು ಕಾಡುತ್ತಿದ್ದಾಳೆ. ನಮ್ಮ ಹಳೆಯ ಕಂಪ್ಯೂಟರಿಗೆ ಅದನ್ನು ಎಳೆಯುವ ಶಕ್ತಿಯಿಲ್ಲ.

ಮೊನ್ನೆ ಇವರು ಫೋನಿನಲ್ಲಿ ಕೇಳಿದರು, “ಆ ಕಂಪ್ಯೂಟರ್ ಮಾರಿದೆಯಾ?”

“ಇಲ್ಲ. ನಿನ್ನೆ 3-1ರಿಂದ ಸೋತೆವು.”

“ಸೋತೆವು ಅಂದರೆ ಯಾರು?”

“ನಾವೇ. ಎಡಬದಿಯ ಫುಲ್‌ಬ್ಯಾಕ್‌ಗೆ ಕಾಲು ನೋವು. ಅವನ ಬದಲಿಗೆ ಯಾರೂ ಇಲ್ಲ.”

ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಬಳಿಕ ಇವರು ಕೇಳಿದರು, “ಬಲಬದಿಯವನನ್ನು ಅಲ್ಲಿ ಆಡಿಸಲಾಗುವುದಿಲ್ಲವೇ?”