‘ಇತರರು’ ಎಂಬ ಕಾಲಂನಲ್ಲಿ ನಮ್ಮವರು

ಚುನಾವಣೆಯ ಫಲಿತಾಂಶ ಬಂದ ಮಾರನೆಯ ದಿನ ಪತ್ರಿಕೆ ತೆಗೆದು ನೋಡಿ. ಗೆದ್ದವನ ಹೆಸರು ದಪ್ಪಕ್ಷರದಲ್ಲಿ, ಸೋತ ದೊಡ್ಡವರ ಹೆಸರು ಅದರ ಕೆಳಗೆ. ಕಡೆಯಲ್ಲಿ ‘ಇತರರು’ ಅಂತ ಒಂದು ಕಾಲಂ. ರೈತಸಂಘದಿಂದಲೋ, ಸರ್ವೋದಯ ಕರ್ನಾಟಕ ಪಕ್ಷದಿಂದಲೋ ನಿಂತ ನಮ್ಮ ಮನುಷ್ಯ ಆ ಕಾಲಂನೊಳಗೆ ಹೆಸರಿಲ್ಲದೆ ಸೇರಿಹೋಗಿರುತ್ತಾನೆ. ಪತ್ರಿಕೆಯವರಿಗೆ ಅವನು ಅಪರಿಚಿತ ಅಭ್ಯರ್ಥಿ. ಬೆಂಗಳೂರಿನಲ್ಲಿ ಕೂತವರಿಗೆ ಅವನು ಗೊತ್ತಿಲ್ಲದೆ ಇರಬಹುದು, ಒಪ್ಪೋಣ. ರೈತ ಬಾಂಧವರೇ, ನಮಗೂ ಅವನು ಅಪರಿಚಿತನೇ?

ಸಾಲಕ್ಕೆ ಟ್ರಾಕ್ಟರು ಜಪ್ತಿಗೆ ಬಂದಾಗ ಊರ ಬಾಗಿಲಲ್ಲಿ ಅಡ್ಡ ನಿಂತವನು ಅವನೇ. ಟ್ರಾನ್ಸ್‌ಫಾರ್ಮರು ಸುಟ್ಟು ನಾಟಿ ಒಣಗುವಾಗ ಕೆಇಬಿ ಆಫೀಸಿನ ಮುಂದೆ ಹಗಲು ರಾತ್ರಿ ಕೂತವನು ಅವನೇ. ಕಬ್ಬಿನ ಬಾಕಿ ಕೇಳಲು ಕಾರ್ಖಾನೆಯ ಗೇಟಿಗೆ ಹೋಗಿ, ಮೈಮೇಲೆ ಕೇಸು ಹಾಕಿಸಿಕೊಂಡು, ಇವತ್ತಿಗೂ ತಿಂಗಳಿಗೊಮ್ಮೆ ಕೋರ್ಟಿಗೆ ಅಲೆಯುವವನೂ ಅವನೇ. ಅವನ ಸ್ವಂತ ಹೊಲದ ಕಳೆ ತೆಗೆಯುವುದಕ್ಕೆ ಅವನಿಗೆ ಪುರಸೊತ್ತಿಲ್ಲ, ಅದಕ್ಕೆ ಮನೆಯವರ ಕೈಲಿ ಬೈಸಿಕೊಳ್ಳುತ್ತಾನೆ. ಇಂಥವನು ಓಟು ಕೇಳೋಕೆ ಬಂದರೆ ನಾವು ಜಗಲಿ ಮೇಲೆ ಕೂತು ಹೇಳುವ ಮಾತೇನು? ‘ಒಳ್ಳೇವ್ನೇ ಕಣಪ್ಪ, ಆದ್ರೆ ಗೆಲ್ಲಲ್ವಲ್ಲ. ಓಟ್ ಯಾಕೆ ಹಾಳ್ ಮಾಡ್ಕೊಳ್ಳದು?’

ಈ ‘ಹಾಳಾಗದ’ ಓಟು ಹಾಕಿ ನಾವು ಪಡೆದದ್ದೇನು ಅಂತ ಲೆಕ್ಕ ಹಾಕಿ ನೋಡೋಣ. 2018ರ ಫೆಬ್ರವರಿಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯನವರು ತೀರಿಕೊಂಡರು. ಮೇ ತಿಂಗಳ ಚುನಾವಣೆಯಲ್ಲಿ ಅವರ ಮೇಲುಕೋಟೆ ಕ್ಷೇತ್ರವೂ ಕೈತಪ್ಪಿತು. ಅಲ್ಲಿಂದ 2023ರವರೆಗೆ 224 ಜನರ ವಿಧಾನಸಭೆಯಲ್ಲಿ ರೈತಸಂಘದ ಒಬ್ಬನೇ ಒಬ್ಬ ಇರಲಿಲ್ಲ. ಆ ಅವಧಿಯಲ್ಲೇ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದರು. ಬೇಸಾಯಗಾರನಲ್ಲದವನು, ಬೇರೆ ಕಡೆಯಿಂದ ಲಕ್ಷಗಟ್ಟಲೆ ವರಮಾನ ಇರುವವನು ಹೊಲ ಕೊಳ್ಳದಂತೆ ಇದ್ದ ಬೇಲಿ ಅದು. 2020ರ ಡಿಸೆಂಬರ್ 8ರಂದು ವಿಧಾನ ಪರಿಷತ್ತಿನಲ್ಲಿ ಅದು ಪಾಸಾಯಿತು. ಅದೇ ದಿನ ದೇಶದ ರೈತರು ಬಂದ್ ಕರೆ ಕೊಟ್ಟು ಬೀದಿಯಲ್ಲಿದ್ದರು. ಮಣ್ಣಿನ ಮಕ್ಕಳ ಪ್ರಾದೇಶಿಕ ಪಕ್ಷ ಅಂತ ಹೇಳಿಕೊಳ್ಳುವ ಜನತಾದಳದವರು ಅಲ್ಲಿ ಕೈಯೆತ್ತಿದ್ದು ಸರ್ಕಾರದ ಪರವಾಗಿ! ನಮ್ಮವನೊಬ್ಬ ಒಳಗಿದ್ದಿದ್ದರೆ ಮಸೂದೆ ನಿಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಯಾರು ಯಾರು ನಮ್ಮ ಹೊಲ ಮಾರಲು ಕೈಯೆತ್ತಿದರು ಅಂತ ಸದನದೊಳಗೇ ಎದ್ದು ನಿಂತು ಹೆಸರು ಹಿಡಿದು ಕೂಗುವವನಾದರೂ ಒಬ್ಬ ಇರುತ್ತಿದ್ದ.

ಗೆಲ್ಲಲ್ವಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ನೀರಿನ ಕರದ ವಿರುದ್ಧ ಎದ್ದು ಗುಂಡೇಟು ತಿಂದರು. ಅದೇ ವರ್ಷ ಶಿವಮೊಗ್ಗ ಸೀಮೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊಫೆಸರ್ ನಂಜುಂಡಸ್ವಾಮಿ ಇವರೆಲ್ಲ ಸೇರಿ ರಾಜ್ಯ ರೈತಸಂಘ ಕಟ್ಟಿದರು. ಒಂಬತ್ತು ವರ್ಷದ ಮೇಲೆ, 1989ರಲ್ಲಿ, ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡು ಕಡೆ ನಿಂತು ಎರಡೂ ಕಡೆ ಗೆದ್ದರು. ಅವರು ಬಿಟ್ಟ ಧಾರವಾಡದ ಸ್ಥಾನವನ್ನು ಉಪಚುನಾವಣೆಯಲ್ಲಿ ನಂಜುಂಡಸ್ವಾಮಿಯವರು ಗೆದ್ದರು. 1994ರಲ್ಲಿ ಪಾಂಡವಪುರದಿಂದ ಪುಟ್ಟಣ್ಣಯ್ಯ ಗೆದ್ದರು, 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದರು. ಗೆದ್ದ ಕಡೆಯಲ್ಲೆಲ್ಲ ಮೊದಲು ಸಂಘ ಇತ್ತು, ಆಮೇಲೆ ಅಭ್ಯರ್ಥಿ ಬಂದ. ಬಾಬಾಗೌಡರು ಮುಂದೆ 1998ರಲ್ಲಿ ಬಿಜೆಪಿಯಿಂದ ಬೆಳಗಾವಿಯಲ್ಲಿ ಗೆದ್ದು ದೆಹಲಿಯಲ್ಲಿ ಮಂತ್ರಿಯಾದರು, ಆ ಮಾತು ಬೇರೆ. ಅದನ್ನೂ ಮುಚ್ಚಿಡಬೇಕಾಗಿಲ್ಲ.

ಕಾನೂನು ಕೂಡ ನಮ್ಮವನನ್ನು ಹೊಸಲಿನ ಹೊರಗೇ ನಿಲ್ಲಿಸುತ್ತದೆ. ಮಾನ್ಯತೆ ಇರುವ ಪಕ್ಷದವನ ನಾಮಪತ್ರಕ್ಕೆ ಒಬ್ಬ ಸೂಚಕ ಸಾಕು, ನಮ್ಮವನಿಗೆ ಹತ್ತು ಜನ ಬೇಕು. ಓಟಿನ ಯಂತ್ರದ ಮೇಲೆ ಮೊದಲು ದೊಡ್ಡ ಪಕ್ಷದವರ ಹೆಸರು, ಆಮೇಲೆ ನಮ್ಮದು. ನಿಗದಿಯಾದ ಚಿಹ್ನೆಯಿಲ್ಲ. ಕಡೇ ಗಳಿಗೆಯಲ್ಲಿ ಕೊಟ್ಟದ್ದನ್ನು ಹಿಡಿದುಕೊಂಡು ಊರೂರು ಅಲೆದು, ಮುದುಕರಿಗೆಲ್ಲ ತೋರಿಸಿ ಬರುವುದರೊಳಗೆ ಓಟಿನ ದಿನ ಬಂದಿರುತ್ತದೆ. 1996ಕ್ಕೆ ಮುಂಚೆ ಸಾಮಾನ್ಯ ಅಭ್ಯರ್ಥಿಯ ಠೇವಣಿ 250 ರೂಪಾಯಿ ಇತ್ತು, ಈಗ 10,000. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಪಾಲು ಬರದಿದ್ದರೆ ಅದೂ ಹೋಯಿತು.

ಖರ್ಚಿನ ಮಿತಿ 40 ಲಕ್ಷ ಅಂತ 2022ರಲ್ಲಿ ಗೊತ್ತು ಮಾಡಿದರು. ಇದನ್ನು ಮಿತಿ ಅನ್ನುತ್ತಾರೆ ನೋಡಿ! 2025-26ರ ಹಂಗಾಮಿಗೆ ಕೇಂದ್ರದವರು ಕಬ್ಬಿಗೆ ಹೇಳಿದ ದರ ಟನ್ನಿಗೆ 3,550, ಅದೂ ಇಳುವರಿ ಶೇಕಡಾ 10.25 ಬಂದರೆ. ಕಟಾವು, ಸಾಗಾಣಿಕೆ ಯಾವುದನ್ನೂ ಕಳೆಯದೆ ಲೆಕ್ಕ ಹಾಕಿದರೂ 40 ಲಕ್ಷಕ್ಕೆ 1,126 ಟನ್ನಿಗಿಂತ ಹೆಚ್ಚು ಕಬ್ಬು ಅರೆಸಬೇಕು. ಎರಡು ಮೂರು ಎಕರೆಯವನು ಹತ್ತು ವರ್ಷ ಬೆಳೆದರೂ ಅಷ್ಟು ಆಗುತ್ತೋ ಇಲ್ಲವೋ. ದೊಡ್ಡ ಪಕ್ಷದವನಿಗೆ ಇದು ಒಂದು ಹೋಬಳಿಯ ಬಾಡೂಟದ ದುಡ್ಡು.

ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಬಾಕಿ ಕೇಸು ಇರುವವನು ಅದನ್ನು ಪತ್ರಿಕೆಯಲ್ಲೂ ಟೀವಿಯಲ್ಲೂ ಮೂರು ಸಲ ಪ್ರಕಟಿಸಬೇಕು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಕೊಲೆಗಡುಕರನ್ನು, ಲೂಟಿಕೋರರನ್ನು ಜನ ಗುರುತಿಸಲಿ ಎಂಬುದು ಅದರ ಉದ್ದೇಶ, ಒಳ್ಳೆಯದೇ. ಆದರೆ ರಸ್ತೆತಡೆ ಮಾಡಿ ಕೇಸು ಬಿದ್ದ ರೈತನೂ ತನ್ನ ಕೈಯ ದುಡ್ಡು ಕೊಟ್ಟು ‘ನಾನು ಆರೋಪಿ’ ಅಂತ ಜಾಹೀರಾತು ಹಾಕಿಸಬೇಕು. ಕಬ್ಬಿನ ಬಾಕಿ ಕೊಡದ ಕಾರ್ಖಾನೆ ಮಾಲೀಕ ಓಟಿಗೆ ನಿಂತರೆ, ಕೇಸಿಲ್ಲದ ಪಕ್ಷಕ್ಕೆ ಅವನು ಸಂಭಾವಿತ. ಆ ಬಾಕಿ ಕೇಳಲು ಹೋದವನು ಕ್ರಿಮಿನಲ್ಲು.

ಇಷ್ಟಾದರೂ ತಪ್ಪೆಲ್ಲ ಕಾನೂನಿನ ಮೇಲೆ ಹಾಕಿ ಕೂರಲಾಗುವುದಿಲ್ಲ. ಪಂಜಾಬಿನ ಕಡೆ ನೋಡಿ. ಒಂದು ವರ್ಷಕ್ಕೂ ಮೇಲ್ಪಟ್ಟು ದೆಹಲಿಯ ಗಡಿಯಲ್ಲಿ ಕೂತು, ಮೂರು ಕಾಯಿದೆಗಳನ್ನು ವಾಪಸ್ ತೆಗೆಸಿದ ವೀರರು ಅವರು. ಅವರಲ್ಲೇ ಕೆಲವರು 2021ರ ಡಿಸೆಂಬರ್ ಕೊನೆಯಲ್ಲಿ ಸಂಯುಕ್ತ ಸಮಾಜ ಮೋರ್ಚಾ ಅಂತ ಪಕ್ಷ ಮಾಡಿ, 2022ರ ಫೆಬ್ರವರಿಯ ಚುನಾವಣೆಗೆ ನಿಂತರು. ಒಂದೂ ಗೆಲ್ಲಲಿಲ್ಲ. ಮುಂದಾಳು ಬಲಬೀರ್ ಸಿಂಗ್ ರಾಜೇವಾಲ್ ಅಂಥವರ ಠೇವಣಿಯೇ ಹೋಯಿತು. ಅದೇ ಚುನಾವಣೆಯಲ್ಲಿ, ಭದೌರ್ ಕ್ಷೇತ್ರದಲ್ಲಿ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಲಾಭ್ ಸಿಂಗ್ ಉಗೋಕೆ ಎಂಬ ಹುಡುಗ ಮುಖ್ಯಮಂತ್ರಿ ಚನ್ನಿಯವರನ್ನು 37,000ಕ್ಕೂ ಹೆಚ್ಚು ಓಟಿನಿಂದ ಸೋಲಿಸಿದ. ಅವನೂ ರಾಜ್ಯಕ್ಕೆ ಅಪರಿಚಿತನೇ. ಆದರೆ ಅವನ ಬೆನ್ನಿಗಿದ್ದ ಆಮ್ ಆದ್ಮಿ ಪಕ್ಷ 2014ರಿಂದಲೇ ಆ ರಾಜ್ಯದಲ್ಲಿ ಓಟು ಕೇಳುತ್ತ, ಸೋಲುತ್ತ, ಗೆಲ್ಲುತ್ತ ಬಂದಿತ್ತು. ಇವರ ಕೈಯಲ್ಲಿದ್ದದ್ದು ಎರಡು ತಿಂಗಳೂ ಅಲ್ಲ. ಉತ್ತದೆ ಬಿತ್ತಿದರೆ ಹುಟ್ಟುವುದು ಎಷ್ಟು?

ನಾವೂ ಮಾಡುತ್ತಿರುವುದು ಅದೇ. ನಾಮಪತ್ರಕ್ಕೆ ಎಂಟು ದಿನ ಇದೆ ಅನ್ನುವಾಗ ಪಟ್ಟಿ ಉದ್ದ ಕಾಣಲಿ ಅಂತ ಸಿಕ್ಕಿದವರಿಗೆಲ್ಲ ಬಿ ಫಾರಂ ಕೊಡುವುದು. ಅವರಲ್ಲಿ ಒಬ್ಬಿಬ್ಬರು ವಾಪಸ್ ತೆಗೆದುಕೊಳ್ಳುವ ದಿನ ಯಾರದೋ ಜೀಪಿನಲ್ಲಿ ಕಾಣಿಸಿಕೊಳ್ಳುವುದು. ಇನ್ನು ಸಂಘ ಒಡೆದು ಹೋಳಾಗಿ, ಒಂದೇ ತಾಲ್ಲೂಕಿನಲ್ಲಿ ಎರಡು ಹಸಿರು ಶಾಲು ಎದುರುಬದುರು ನಿಂತು ಓಟು ಕೇಳುವಾಗ ಜನ ನಗದೆ ಇನ್ನೇನು ಮಾಡುತ್ತಾರೆ? 2023ರಲ್ಲಿ ದರ್ಶನ್ ಪುಟ್ಟಣ್ಣಯ್ಯ ಮೇಲುಕೋಟೆಯಲ್ಲಿ ಗೆದ್ದದ್ದು ನಮಗೆಲ್ಲ ಸಂತೋಷವೇ. ಆದರೆ ಅಲ್ಲಿ ತಂದೆಯ ಮೂವತ್ತು ವರ್ಷದ ದುಡಿಮೆ ಇತ್ತು, ಕಾಂಗ್ರೆಸ್ಸಿನವರು ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿದ್ದರು. ಮಿಕ್ಕ ತಾಲ್ಲೂಕುಗಳಲ್ಲಿ ನಮ್ಮವನಿಗೆ ಅಂಥ ತಂದೆಯೂ ಇಲ್ಲ, ಬಿಟ್ಟುಕೊಡುವ ಪಕ್ಷವೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೂವತ್ತು ಕಡೆ ನಿಲ್ಲುವ ಬದಲು ಐದು ಕಡೆ ನಿಲ್ಲೋಣ. ಆ ಐದು ಯಾವುದು, ಅಲ್ಲಿ ನಿಲ್ಲುವವನು ಯಾರು ಎಂಬುದನ್ನು ಚುನಾವಣೆಗೆ ಮೂರು ವರ್ಷ ಮೊದಲೇ ಗ್ರಾಮ ಘಟಕಗಳ ಸಭೆ ಕೈಯೆತ್ತಿ ತೀರ್ಮಾನ ಮಾಡಲಿ. ಬೆಂಗಳೂರಿನ ಕಚೇರಿಯಿಂದ ಹೆಸರು ಇಳಿಯುವುದು ಬೇಡ. ಠೇವಣಿಯ 10,000ವನ್ನು ಅಭ್ಯರ್ಥಿ ಕೈಯಿಂದ ಹಾಕಿಸದೆ ಮನೆಗೆ ಹತ್ತು ರೂಪಾಯಿಯಂತೆ ಎತ್ತಿ, ರಸೀದಿ ಕೊಟ್ಟು, ಲೆಕ್ಕ ಓದಿ ಹೇಳಬೇಕು. ಹತ್ತು ರೂಪಾಯಿ ಕೊಟ್ಟವನು ಓಟನ್ನು ಬೇರೆಯವನಿಗೆ ಹಾಕುವಾಗ ಒಂದು ಗಳಿಗೆಯಾದರೂ ಯೋಚಿಸುತ್ತಾನೆ.

ಅಪರಿಚಿತನು ಪರಿಚಿತನಾಗುವ ಮೆಟ್ಟಿಲು ಅಂದರೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿ. ಅವುಗಳಿಗೆ ಕಡೆಯ ಸಲ 2016ರಲ್ಲಿ ಚುನಾವಣೆ ಆಗಿ, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳನ್ನೇ ಕೂರಿಸಿ ನಡೆಸಿದರು. ಮೂರು ಪಕ್ಷದವರಿಗೂ ಅದರಿಂದ ತಾಪತ್ರಯವಾಗಲಿಲ್ಲ, ಏಕೆಂದರೆ ಅವರ ಎಮ್ಮೆಲ್ಲೆಗಳಿಗೆ ಕೆಳಗಿನಿಂದ ಮೇಲೆ ಬರುವ ಎದುರಾಳಿ ಬೇಡ. ನಾವು ಮಾತ್ರ ಅದಕ್ಕೆ ಒಂದು ದಿನವೂ ರಸ್ತೆತಡೆ ಮಾಡಲಿಲ್ಲ ಅನ್ನುವ ಹಾಗೆ ಸುಮ್ಮನಿದ್ದೇವೆ. ಈ ವಿಷಯವನ್ನು ಮುಂದಿನ ತಿಂಗಳ ಹೋಬಳಿ ಸಭೆಗಳಲ್ಲಿ ಬೆಲೆ, ಸಾಲದ ಮಾತಿಗಿಂತ ಮೊದಲೇ ಎತ್ತಿ. ಬ್ಯಾಂಕಿನ ನೋಟೀಸು ಬಂದಾಗ ನಾವು ಹುಡುಕಿಕೊಂಡು ಹೋಗುವ ಆ ಮನುಷ್ಯನನ್ನು ಅವತ್ತೇ ಸಭೆಯ ಮುಂದೆ ನಿಲ್ಲಿಸಿ ಹೆಸರು ಬರೆದುಕೊಳ್ಳಿ.