ನಾಯಿಗೆ ಸೊಕ್ಕು ಬಂದಿಲ್ಲ, ಏನೋ ಆಗಿದೆ

ಹಾಸ್ಟೆಲ್‌ನಲ್ಲಿರೋ ನಮ್ಮಲ್ಲಿ ಹಲವರಿಗೆ ಮನೆಯಿಂದ ಇಂಥ ಫೋನ್ ಬಂದಿರುತ್ತೆ: "ನಾಯಿಗೆ ಏನಾಯ್ತೋ ಮಾರಾಯ, ನಿನ್ನೆಯಿಂದ ಹತ್ತಿರ ಹೋದ್ರೆ ಗುರ್ ಅಂತದೆ." ಭಟ್ಕಳ, ಹೊನ್ನಾವರ, ಕುಮಟಾ ಕಡೆ ಇದಕ್ಕೆ ಎರಡು ಸಿದ್ಧ ಉತ್ತರ ಇವೆ. ಒಂದು, ಸೊಕ್ಕು ಬಂದಿದೆ, ಎರಡು ಬಿಗಿ. ಇನ್ನೊಂದು, ಹುಚ್ಚು ಹಿಡಿದಿದೆ, ಹೊಳೆ ಆಚೆ ಬಿಟ್ಟು ಬಾ. ನನ್ನ ಪ್ರಕಾರ ಎರಡೂ ತಪ್ಪು. ನಾಯಿಯ ಸ್ವಭಾವ ಒಂದೇ ರಾತ್ರಿಗೆ ಬದಲಾಗಲ್ಲ. ನಡವಳಿಕೆ ದಿಢೀರ್ ಬದಲಾದ್ರೆ ಮೊದಲು ಅನುಮಾನ ಪಡಬೇಕಾದ್ದು ಅದರ ದೇಹದ ಮೇಲೆ.

ನಿನ್ನೆ ಓಡಿದ ಕೋಡ್ ಇವತ್ತು ಓಡದಿದ್ರೆ ನಾವು ಲ್ಯಾಪ್‌ಟಾಪಿಗೆ ಹೊಡೆಯಲ್ಲ. ಏನು ಬದಲಾಯ್ತು ಅಂತ ನೋಡ್ತೀವಿ. ನಾಯಿ ವಿಷಯದಲ್ಲೂ ಅದನ್ನೇ ಮಾಡಬೇಕು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ನಾಯಿಯ ಮೈ, ಕಿವಿ ಒಣಗೋದೇ ಇಲ್ಲ. ಒದ್ದೆ ಕಿವಿಗೆ ಸೋಂಕಾಗುತ್ತೆ. ಅಂಥ ನಾಯಿಯ ತಲೆ ಸವರಿದ್ರೆ ಅದು ಹಲ್ಲು ತೋರಿಸೋದು ನೋವಿಗೆ. ಉಣುಗು ಅಂದ್ರೆ ನಮ್ಮ ಜಿಲ್ಲೆಗೆ ಮಂಗನ ಕಾಯಿಲೆ ನೆನಪಾಗುತ್ತೆ. ನಾಯಿಗಳಿಗೆ ಉಣುಗಿನಿಂದ ಬರೋ ಜ್ವರಗಳು ಬೇರೆಯೇ ಇವೆ. ಊಟ ಬಿಟ್ಟು, ಮಂಕಾಗಿ, ಮೂಲೆ ಸೇರೋ ನಾಯಿಯ ಒಸಡು ಬಿಳಿಚಿಕೊಂಡಿದ್ರೆ ಡಾಕ್ಟರಿಗೆ ತೋರಿಸೋಕೆ ತಡ ಮಾಡಬಾರದು. ವಯಸ್ಸಾದ ನಾಯಿಗೆ ಕಿವಿ ಕೇಳದೇ ಇರಬಹುದು. ಮಲಗಿದ್ದಾಗ ಮುಟ್ಟಿದ್ರೆ ಬೆಚ್ಚಿ ಕಚ್ಚುತ್ತೆ. ಘಟ್ಟದ ಬುಡದ ಮನೆಯ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಹೊರಗೆ ಹೋಗಲ್ಲ ಅಂದ್ರೆ ಚಿರತೆಯ ವಾಸನೆ ಸಿಕ್ಕಿರಲೂಬಹುದು.

ಇನ್ನು ರೇಬಿಸ್. ಹುಚ್ಚುನಾಯಿ ಅಂದ್ರೆ ಕಂಡಕಂಡವರನ್ನು ಅಟ್ಟಿಸಿಕೊಂಡು ಕಚ್ಚೋ ನಾಯಿ ಅಂತ ನಮ್ಮ ಕಲ್ಪನೆ. ಆದ್ರೆ ರೇಬಿಸ್‌ಗೆ ಒಂದು ಮೌನ ರೂಪವೂ ಇದೆ. ನಾಯಿ ಕತ್ತಲೆ ಮೂಲೆ ಹುಡುಕುತ್ತೆ, ಕೆಳದವಡೆ ಜೋತು ಬೀಳುತ್ತೆ, ಜೊಲ್ಲು ಸುರಿಯುತ್ತೆ, ನುಂಗೋಕಾಗಲ್ಲ. ಮೀನು ತಿನ್ನೋ ಊರಲ್ಲಿ ಇದನ್ನು ನೋಡಿದವರಿಗೆ ಮೊದಲು ಹೊಳೆಯೋದು, ಗಂಟಲಲ್ಲಿ ಮುಳ್ಳು ಸಿಕ್ಕಿದೆ ಅಂತ. ಪ್ರೀತಿಯಿಂದಲೇ ಬಾಯೊಳಗೆ ಕೈ ಹಾಕ್ತಾರೆ. ದಯವಿಟ್ಟು ಹಾಕಬೇಡಿ. ಕೈಮೇಲೆ ಚಿಕ್ಕ ಗಾಯವಿದ್ರೂ ಜೊಲ್ಲಿನಿಂದ ವೈರಸ್ ಒಳಹೋಗಬಹುದು. ಮನುಷ್ಯರಲ್ಲಿ ಲಕ್ಷಣ ಶುರುವಾದ ಮೇಲೆ ಬದುಕಿದವರು ಇಲ್ಲವೆಂಬಷ್ಟು ಕಡಿಮೆ.

ಹಾಗಾಗಿ ನಾಯಿ ಕಚ್ಚಿದ್ರೆ, ಪರಚಿದ್ರೆ, ಗಾಯಕ್ಕೆ ಜೊಲ್ಲು ತಾಗಿದ್ರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಬೇಕು. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಬೇಕು. ನಾಯಿಯನ್ನು 10 ದಿನ ಗಮನಿಸಿ ಅಂತಾರಲ್ಲ, ಅದು ಲಸಿಕೆಯ ಜೊತೆಗೆ ಮಾಡೋ ಕೆಲಸ, ಲಸಿಕೆಯ ಬದಲಿಗೆ ಅಲ್ಲ.

ಈಗ ಹೊಳೆ ಆಚೆ ಬಿಡೋ ಮಾತಿಗೆ ಬರೋಣ. ನಾಯಿಗೆ ಇರೋದು ಕಿವಿನೋವಾದ್ರೆ, ಶರಾವತಿ ದಾಟಿಸಿ ಬಿಟ್ಟು ಬಂದವರು ಒಂದು ಕಾಯಿಲೆ ಪ್ರಾಣಿಯನ್ನು ಹಸಿವಿಗೆ ದೂಡಿದ ಹಾಗಾಯ್ತು. ರೇಬಿಸ್ ಆದ್ರೆ, ಇನ್ನೊಂದು ಊರಿನ ಮಕ್ಕಳ ಹತ್ತಿರ ಅದನ್ನು ತಲುಪಿಸಿ ಬಂದ ಹಾಗಾಯ್ತು. ಹೇಗೆ ಲೆಕ್ಕ ಹಾಕಿದ್ರೂ ಸರಿಯಾಗಲ್ಲ.

ಮನೆಯವರು ನಮಗೆ ಫೋನ್ ಮಾಡೋದು ನಾವು ಓದಿದವರು ಅಂತ. "ಕಟ್ಟಿಹಾಕಿ" ಅಂತ ಇಟ್ಟುಬಿಡೋ ಬದಲು ನಾಲ್ಕು ಪ್ರಶ್ನೆ ಕೇಳಿ. ಯಾವಾಗಿನಿಂದ? ಊಟ, ನೀರು ಸೇರ್ತಾ ಇದೆಯಾ? ಎಲ್ಲಿ ಮುಟ್ಟಿದ್ರೆ ಗುರ್ ಅನ್ನುತ್ತೆ? ಇತ್ತೀಚೆಗೆ ಬೇರೆ ನಾಯಿ ಕಚ್ಚಿತ್ತಾ, ರೇಬಿಸ್ ಲಸಿಕೆ ಕೊನೆಗೆ ಹಾಕಿಸಿದ್ದು ಯಾವಾಗ? ಮಕ್ಕಳನ್ನು ದೂರ ಇಟ್ಟು, ಮುಟ್ಟದೆ ಮೊಬೈಲಲ್ಲಿ ವಿಡಿಯೋ ಮಾಡಿ ಪಶುವೈದ್ಯರಿಗೆ ತೋರಿಸೋಕೆ ಹೇಳಿ. ಕೊನೇ ಪ್ರಶ್ನೆಗೆ "ನೆನಪಿಲ್ಲ" ಅನ್ನೋ ಉತ್ತರ ಬಂದ್ರೆ, ಮುಂದಿನ ರಜೆಯಲ್ಲಿ ನಿಮ್ಮ ಮೊದಲ ಕೆಲಸ ಯಾವುದು ಅಂತ ಗೊತ್ತಾಯ್ತಲ್ಲ.