ಮಾಗಲು ಇಟ್ಟದ್ದೋ, ಮಾರಲು ಇಟ್ಟದ್ದೋ?

ಕಳೆದ ತಿಂಗಳು ಲಂಡನ್ನಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಕೆಂಪು ವೈನನ್ನು ಪೆಟ್ಟಿಗೆಗಟ್ಟಲೆ ಕೊಂಡು ಉಗ್ರಾಣದಲ್ಲಿ ಇರಿಸಿರುವುದಾಗಿ ತಿಳಿಸಿದ. "ಕುಡಿಯಲಿಕ್ಕಲ್ಲ ಮೇಷ್ಟ್ರೇ, ಹೂಡಿಕೆ" ಎಂದ. ಮದ್ಯವನ್ನು ಎಂದೂ ಮುಟ್ಟದ ನನಗೆ ಬೇಸರವಾದದ್ದು ಅವನು ಕೊಂಡನೆಂದಲ್ಲ, ಕುಡಿಯುವುದಿಲ್ಲ ಎಂದನಲ್ಲ, ಅದಕ್ಕೆ!

ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದ ಟ್ಯಾನಿನ್ ಎಂಬ ಒಗರು ವರ್ಷಗಳುರುಳಿದಂತೆ ಮೃದುವಾಗುತ್ತದೆ. ಎಳೆಯ ಹಣ್ಣಿನ ಕಂಪು ಅಡಗಿ ಬೇರೊಂದು ಪರಿಮಳ ಮೂಡುತ್ತದೆ. ಅದಕ್ಕೆ ಕತ್ತಲೆ ಬೇಕು, 12–13 ಡಿಗ್ರಿಯ ತಂಪು ಬೇಕು, ಬಿರಡೆ ಒಣಗದಂತೆ ಸೀಸೆಯನ್ನು ಅಡ್ಡ ಮಲಗಿಸಬೇಕು. ಜಗತ್ತಿನ ಬಹುಪಾಲು ವೈನ್ ಕೆಲವೇ ವರ್ಷಗಳೊಳಗೆ ಕುಡಿಯಲೆಂದು ಮಾಡಿದ್ದು. ಕಾಯಲು ತಕ್ಕ ಸ್ವಲ್ಪಕ್ಕೂ ಒಂದು ಏರುಗಾಲವಿದೆ, ಬಳಿಕ ಇಳಿಗಾಲವೂ ಇದೆ. ಮಾರುವವನ ಲೆಕ್ಕದಲ್ಲಿ ಈ ಇಳಿಗಾಲಕ್ಕೆ ಸ್ಥಾನವೇ ಇಲ್ಲ.

ನಮ್ಮ ಮನೆಗಳಲ್ಲಿ ಹಳೆಯ ಅಕ್ಕಿ, ಹಳೆಯ ಹುಣಿಸೆಹಣ್ಣನ್ನು ಜೋಪಾನವಾಗಿ ಇಡುತ್ತಿದ್ದುದು ಹಬ್ಬದ ಎಲೆಗೆ ಬಡಿಸಲು.

ತೆರೆಯದ ಸೀಸೆ ವಂಚಕರಿಗೆ ವರದಾನ. 1985ರಲ್ಲಿ ಲಂಡನ್ನಿನ ಹರಾಜಿನಲ್ಲಿ, ಅಮೆರಿಕದ ಅಧ್ಯಕ್ಷ ಜೆಫರ್ಸನ್ನರದೆನ್ನಲಾದ 1787ರ ಒಂದು ಸೀಸೆ 1,05,000 ಪೌಂಡಿಗೆ ಹೋಯಿತು. ಪ್ರದರ್ಶನದ ದೀಪದ ಕಾವಿಗೆ ಅದರ ಬಿರಡೆ ಒಣಗಿ ಒಳಗೆ ಬಿತ್ತು! ಅದೇ ಮೂಲದಿಂದ ಬಂದ ಸೀಸೆಗಳ ಸಾಚಾತನವೇ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. ಅಗ್ಗದ ವೈನ್ ಬೆರೆಸಿ ದುಬಾರಿ ಚೀಟಿ ಅಂಟಿಸಿ ಮಾರಿದ ರೂಡಿ ಕುರ್ನಿಯಾವನ್ 2013ರಲ್ಲಿ ನ್ಯೂಯಾರ್ಕಿನಲ್ಲಿ ಅಪರಾಧಿಯೆಂದು ಸಾಬೀತಾದ. ಕೊಂಡವರು ಬೇಗ ರುಚಿ ನೋಡುವವರಾಗಿದ್ದರೆ ಇಂಥವರ ಆಟ ಇಷ್ಟು ಕಾಲ ನಡೆಯುತ್ತಿತ್ತೇ?

"ವೈನ್ ಪೀಪಾಯಿಯಲ್ಲಿರುವಾಗಲೇ ಮುಂಗಡ ಹಣ ತೆರುತ್ತೇವೆ, ಬೆಳೆಗಾರನಿಗೆ ಉಪಕಾರವಲ್ಲವೇ?" ಎಂದು ಅವನು ವಾದಿಸಿದ. ಹಣ ಸಂದೀತು, ನಿಜ. ಆದರೆ ಪುಸ್ತಕ ಕೊಂಡು ಹಾಳೆ ಬಿಡಿಸದವನಿಂದ ಲೇಖಕನಿಗೆ ಸಿಗುವ ಗೌರವವೂ ಅಷ್ಟೇ. ಲಾಭದ ಮಾತಿಗೆ ಬಂದರೂ, 2022ರ ಬಳಿಕ ಆ ಮಾರುಕಟ್ಟೆ ಕುಸಿದು ಹಲವರ ಲೆಕ್ಕ ತಲೆಕೆಳಗಾದುದನ್ನು ಅವನೇ ಬಲ್ಲ.

ಅಪ್ಪಾ, ಕೊಳ್ಳುವುದು ನಿನ್ನಿಷ್ಟ. ಇಡುವ ಮುನ್ನ ಪೆಟ್ಟಿಗೆಯ ಮೇಲೆ ತೆರೆಯುವ ವರ್ಷವನ್ನೂ ಜೊತೆಯಲ್ಲಿ ಕೂರುವವರ ಹೆಸರನ್ನೂ ಬರೆ. ಬರೆಯಲು ಹೆಸರೇ ತೋಚದಿದ್ದರೆ ಆ ಪೆಟ್ಟಿಗೆಯನ್ನು ಕೊಳ್ಳಬೇಡ.